ಸಂನ್ಯಾಸಕ್ಕೆ ಯಾರ ಅಪ್ಪಣೆ?

ಕಳೆದ ವಾರ ಒಂದು ದಿನ ಮಧ್ಯಾಹ್ನ, ಮರುದಿನದ ಸಂಚಿಕೆಯ ಕೆಲಸವಿನ್ನೂ ಮೊದಲಾಗದಿದ್ದ ಹೊತ್ತಿನಲ್ಲಿ, ಸುಮಾರು ಮೂವತ್ತೈದು ವರ್ಷ ವಯಸ್ಸಿನ ಗೃಹಿಣಿಯೊಬ್ಬರು ಇಬ್ಬರು ಮಕ್ಕಳನ್ನು ಕೈಹಿಡಿದುಕೊಂಡು ನಮ್ಮ ಕಾರ್ಯಾಲಯಕ್ಕೆ ಬಂದರು. ಅವರ ಕೈಯಲ್ಲಿ ಅಚ್ಚಿಗಾಗಿ ಬರೆದು ತಂದಿದ್ದ ಒಂದು ಚಿಕ್ಕ ಪ್ರಕಟಣೆಯಿತ್ತು. ನಮ್ಮ ಗುಮಾಸ್ತರು ಅದನ್ನು ಓದಿ, "ಕಾಣೆಯಾದವರ ಅಂಕಣದಲ್ಲಿ ಹಾಕುತ್ತೇವೆ, ತಾಯಿ" ಎಂದರು. ಆಕೆ ತಲೆಯಲ್ಲಾಡಿಸಿ, "ಕಾಣೆಯಾಗಿಲ್ಲ ಸ್ವಾಮಿ. ಅವರು ಎಲ್ಲಿದ್ದಾರೆಂದು ನನಗೆ ಗೊತ್ತು. ಹೋಗಿ ನೋಡಿಯೂ ಬಂದೆ. ಕಾಣಿಸುತ್ತಾರೆ, ಮಾತನಾಡುವುದಿಲ್ಲ" ಎಂದರು.

ಸಂಗತಿ ಇಷ್ಟೆ. ಆಕೆಯ ಪತಿ ಒಂದು ಕಚೇರಿಯಲ್ಲಿ ನೌಕರನಾಗಿದ್ದವನು. ಒಂದು ಮುಂಜಾನೆ ಪತ್ರ ಬರೆದಿಟ್ಟು ಹೊರಟುಹೋಗಿ, ದೂರದ ಆಶ್ರಮವೊಂದರಲ್ಲಿ ಕಾಷಾಯ ಧರಿಸಿದ್ದಾನೆ. ಅವನು ಸಹಕಾರ ಸಂಘದಲ್ಲಿ ತೆಗೆದ ಸಾಲಕ್ಕೆ ಆಕೆಯ ಅಣ್ಣ ಜಾಮೀನಾಗಿದ್ದಾನೆ. ಆಶ್ರಮದವರನ್ನು ಕೇಳಿದರೆ, ಸ್ವಾಮಿಗಳಿಗೆ ಪೂರ್ವಾಶ್ರಮವೆಂಬುದೇ ಇಲ್ಲ, ಇಲ್ಲದ ಪೂರ್ವಾಶ್ರಮದ ಸಾಲ ಎಲ್ಲಿಂದ ಬಂತು ಎಂಬ ವೇದಾಂತದ ಉತ್ತರ ದೊರೆಯಿತಂತೆ. ಹಣೆಗೆ ಕುಂಕುಮವಿಡಬೇಕೋ ಬೇಡವೋ ಎಂದು ಆಕೆ ಊರಿನ ಪುರೋಹಿತರನ್ನು ಕೇಳಿದ್ದಕ್ಕೆ ಅವರೂ ಸ್ಪಷ್ಟವಾದ ಮಾತನ್ನು ಹೇಳಲಿಲ್ಲ. ಹೊರಡುವಾಗ ಆಕೆ ನಮ್ಮ ಕಡೆ ತಿರುಗಿ, "ಹೋಗುವ ಮೊದಲು ಅವರು ನನ್ನನ್ನು ಒಂದು ಮಾತು ಕೇಳಬೇಕಾಗಿತ್ತೋ ಬೇಡವೋ? ನೀವು ಓದಿದವರು, ಹೇಳಿ" ಎಂದರು.

ನಾವು ಕೂಡಲೇ ಉತ್ತರ ಹೇಳಲಾರದೆ ಹೋದೆವು. ಬಾಲ್ಯದಲ್ಲಿ ಪಾಠಶಾಲೆಯ ಜಗಲಿಯ ಮೇಲೆ ಕುಳಿತು ಬಾಯಿಪಾಠ ಮಾಡಿದ ಶ್ಲೋಕಗಳಲ್ಲಿ ವೈರಾಗ್ಯದ ಮಹಿಮೆ ಬೇಕಾದಷ್ಟಿತ್ತು. ವೈರಾಗ್ಯ ಹೊಂದಿದವನ ಹೆಂಡತಿಯ ವಿಷಯ ಬಂದ ನೆನಪಾಗಲಿಲ್ಲ. ಅಂದಿನಿಂದ ಸಂಜೆಯ ಬಿಡುವಿನಲ್ಲಿ ಪುಸ್ತಕಗಳನ್ನು ತೆಗೆದು ನೋಡುತ್ತಿದ್ದೇವೆ. ಕಂಡದ್ದನ್ನು ವಾಚಕರ ಮುಂದಿಡುತ್ತೇವೆ.

ಮೊದಲೇ ಒಂದು ಮಾತು. ಯತಿಧರ್ಮವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಋಗ್ವೇದದ ಹತ್ತನೆಯ ಮಂಡಲದಲ್ಲಿಯೇ ನೀಳಕೇಶದ, ಮಲಿನವಾದ ಪಿಂಗಳವಸ್ತ್ರದ, ಗಾಳಿಯೊಡನೆ ಸಂಚರಿಸುವ ಮುನಿಗಳ ವರ್ಣನೆಯಿದೆ. ಕ್ರಿ. ಪೂ. ೩೨೬ರಲ್ಲಿ ಅಲೆಕ್ಸಾಂಡರನು ತಕ್ಷಶಿಲೆಗೆ ಬಂದಾಗ ಅವನ ಕಡೆಯ ಗ್ರೀಕರಿಗೆ ಸೋಜಿಗವೆನಿಸಿದವರಲ್ಲಿ ಸುಡುಬಿಸಿಲಿನಲ್ಲಿ ಬೆತ್ತಲೆಯಾಗಿ ನಿಂತಿದ್ದ ತಪಸ್ವಿಗಳು ಮುಖ್ಯರು. ಇಂಥ ಜನರನ್ನು ಎರಡೂವರೆ ಸಾವಿರ ವರ್ಷಗಳಿಗೂ ಮಿಕ್ಕಿದ ಕಾಲ ಅನ್ನವಿಕ್ಕಿ ಸಾಕಿದ ದೇಶವು ಅವರಿಂದ ಏನನ್ನೂ ಪಡೆಯಲಿಲ್ಲವೆಂದು ಹೇಳುವುದು ಅವಿವೇಕ. ನಮ್ಮ ಪ್ರಶ್ನೆ ಬಾಗಿಲಿಗೆ ಸಂಬಂಧಪಟ್ಟದ್ದು. ಮನೆಯಿಂದ ಹೊರಡುವ ಹೊಸ್ತಿಲಿನಲ್ಲಿ ನಮ್ಮ ಪೂರ್ವಿಕರು ಯಾರನ್ನಾದರೂ ಕಾವಲಿಟ್ಟಿದ್ದರೆ?

ಇಟ್ಟಿದ್ದರೆಂಬುದೇ ಉತ್ತರ. ಆದರೆ ಒಂದೊಂದು ಪಂಥದವರು ಒಂದೊಂದು ಬಗೆಯ ಕಾವಲಿಟ್ಟರು. ಕೆಲವು ಕಡೆ ಕಾವಲಿನಲ್ಲಿ ಬಿರುಕುಗಳೂ ಉಳಿದವು.

ವೈದಿಕ ಧರ್ಮಸೂತ್ರಕಾರರಿಗೆ ಸಂನ್ಯಾಸದ ವಿಷಯದಲ್ಲಿ ಮೊದಲು ಅಷ್ಟೇನೂ ಸಮಾಧಾನವಿರಲಿಲ್ಲ. ಗೃಹಸ್ಥಾಶ್ರಮವೊಂದೇ ನಿಜವಾದ ಆಶ್ರಮವೆಂಬ ಆಚಾರ್ಯರ ಮತವನ್ನು ಗೌತಮನು ಹೇಳುತ್ತಾನೆ. ಬೌಧಾಯನನಂತೂ, ಆಶ್ರಮಗಳ ಈ ವಿಭಾಗವನ್ನು ಮಾಡಿದವನು ಪ್ರಹ್ಲಾದನ ಮಗನಾದ ಕಪಿಲನೆಂಬ ಅಸುರನೆಂದೂ, ದೇವತೆಗಳ ಮೇಲಿನ ಸ್ಪರ್ಧೆಯಿಂದ ಅವನು ಹಾಗೆ ಮಾಡಿದನೆಂದೂ ಒಂದು ಹಳೆಯ ವಾದವನ್ನು ಉದಾಹರಿಸುತ್ತಾನೆ. ಇಂದಿನ ಕಾವಿಯ ಅಭಿಮಾನಿಗಳು ಈ ಮಾತನ್ನು ಓದಿದರೆ ಏನೆನ್ನುವರೋ! ಅನಂತರ ಮನುವಿನ ಕಾಲಕ್ಕೆ ನಾಲ್ಕು ಆಶ್ರಮಗಳೂ ಮೆಟ್ಟಿಲುಮೆಟ್ಟಿಲಾಗಿ ಒಂದು ಏಣಿಯಾದವು. ದೇವಋಣ, ಋಷಿಋಣ, ಪಿತೃಋಣಗಳೆಂಬ ಮೂರನ್ನೂ ತೀರಿಸಿದ ಮೇಲೆಯೇ ಮೋಕ್ಷದ ಕಡೆ ಮನಸ್ಸನ್ನು ತಿರುಗಿಸಬೇಕು, ತೀರಿಸದೆ ಹೊರಟವನಿಗೆ ಅಧೋಗತಿ ಎಂಬುದು ಅವನ ನಿರ್ಣಯ. ತಲೆ ನರೆತು, ಚರ್ಮ ಸುಕ್ಕುಗಟ್ಟಿ, ಮೊಮ್ಮಗನ ಮುಖವನ್ನು ಕಂಡ ಗೃಹಸ್ಥನಿಗೆ ಅರಣ್ಯದ ದಾರಿ. ಅದಕ್ಕೂ ಆಚೆಗೆ ಸಂನ್ಯಾಸ. ಇದರಂತೆ ನಡೆದರೆ ಎಳೆಯ ಮಕ್ಕಳನ್ನು ಬಿಟ್ಟು ಹೊರಡುವ ಮಾತೇ ಇರಲಾರದು.

ಆದರೆ ಇದಕ್ಕೆ ಎದುರಾಗಿ ಜಾಬಾಲೋಪನಿಷತ್ತಿನ ಮತವಿದೆ. ಬ್ರಹ್ಮಚರ್ಯದಿಂದಾಗಲಿ ಮನೆಯಿಂದಾಗಲಿ ವನದಿಂದಾಗಲಿ, ವಿರಕ್ತಿ ಮೂಡಿದ ದಿವಸವೇ ಹೊರಡಬಹುದೆಂದು ಅದು ಸಾರುತ್ತದೆ. ಜನಕನಿಗೆ ಇದನ್ನು ಉಪದೇಶಿಸುವವನು ಯಾಜ್ಞವಲ್ಕ್ಯ. ಮನೆ ಬಿಟ್ಟು ಓಡುವ ಪ್ರತಿಯೊಬ್ಬನೂ ಆಧಾರವಾಗಿ ತೋರಿಸುವುದು ಈ ಉಪನಿಷತ್ತನ್ನೇ. ಹಾಗೆ ತೋರಿಸುವವರು ಅದೇ ಯಾಜ್ಞವಲ್ಕ್ಯನ ಹೆಸರಿನಲ್ಲಿ ಬೃಹದಾರಣ್ಯಕವು ಹೇಳುವ ಕಥೆಯನ್ನು ಮರೆಯುತ್ತಾರೆ. ಅಲ್ಲಿ ಅವನು ಕತ್ತಲಲ್ಲಿ ಕದ ತೆರೆದು ಹೋಗುವುದಿಲ್ಲ. ತಾನು ಈ ನೆಲೆಯಿಂದ ಹೊರಡಲಿರುವುದನ್ನು ಮೈತ್ರೇಯಿಗೆ ಬಾಯಿಬಿಟ್ಟು ಹೇಳಿ, ಆಕೆಗೂ ಕಾತ್ಯಾಯನಿಗೂ ಆಸ್ತಿಯನ್ನು ವಿಭಾಗಿಸಿಕೊಡಲು ಕೂಡುತ್ತಾನೆ. ಮೈತ್ರೇಯಿಯು ಹಣ ಬೇಡವೆಂದು ಅಮೃತತ್ವದ ಪ್ರಶ್ನೆಯೆತ್ತಿದಳೆಂಬುದು ಮುಂದಿನ ಕಥೆ. ಪಂಡಿತರೆಲ್ಲರೂ ವ್ಯಾಖ್ಯಾನ ಮಾಡುವುದು ಅದನ್ನೇ. ನಮ್ಮ ಕಾರ್ಯಾಲಯದಲ್ಲಿ ಕುಳಿತಿದ್ದ ಗೃಹಿಣಿಯ ದೃಷ್ಟಿಯಿಂದ ಓದಿದರೆ ಮೊದಲಿನ ಸಂಗತಿಯೇ ದೊಡ್ಡದು. ಪತಿಯು ಹೇಳಿದನು, ಪಾಲು ಕೊಡಲು ಕುಳಿತನು, ಪ್ರಶ್ನೆ ಕೇಳಲು ಆಕೆಗೆ ಅವಕಾಶ ದೊರೆಯಿತು, ಉತ್ತರ ಬರುವವರೆಗೆ ಅವನು ಎದ್ದುಹೋಗಲಿಲ್ಲ.

ಇನ್ನು ಶ್ರಮಣರ ಕಡೆಗೆ ಬರೋಣ. ಈ ವಿಷಯದ ನಿಜವಾದ ಹುರುಳು ಇರುವುದು ಅಲ್ಲಿಯೇ. ಬುದ್ಧ ಮಹಾವೀರರ ಕಾಲದ ಮಗಧದಲ್ಲಿ ಮನೆ ಬಿಟ್ಟವರ ಸಂಖ್ಯೆ ಹಿಂದೆಂದೂ ಕಾಣದಷ್ಟು ಹೆಚ್ಚಿತ್ತು. ಪೂರಣ ಕಾಶ್ಯಪ, ಮಕ್ಖಲಿ ಗೋಸಾಲ, ಅಜಿತ ಕೇಶಕಂಬಲಿ ಮೊದಲಾಗಿ ಗುಂಪು ಕಟ್ಟಿಕೊಂಡ ಆಚಾರ್ಯರು ಅನೇಕರು. ತಂದೆಯನ್ನು ಕೊಂದು ಪಟ್ಟಕ್ಕೆ ಬಂದ ಅಜಾತಶತ್ರುವು ಒಂದು ಹುಣ್ಣಿಮೆಯ ರಾತ್ರಿ ಜೀವಕನ ಮಾವಿನ ತೋಪಿಗೆ ಬಂದು ಬುದ್ಧನನ್ನು ಕೇಳಿದ ಪ್ರಶ್ನೆಯು ದೀಘನಿಕಾಯದಲ್ಲಿ ಉಳಿದುಬಂದಿದೆ. ಮಾವುತರು, ಬಾಣಸಿಗರು, ಕ್ಷೌರಿಕರು, ಹೂವಾಡಿಗರು, ಅಗಸರು, ನೇಕಾರರು, ಕುಂಬಾರರು, ಲೆಕ್ಕಿಗರು, ಇವರೆಲ್ಲ ತಮ್ಮ ಕಸುಬಿನಿಂದ ತಾವೂ ಉಂಡು ತಂದೆತಾಯಿ ಮಡದಿಮಕ್ಕಳನ್ನೂ ಸಲಹುತ್ತಾರೆ. ಶ್ರಮಣನಾದವನಿಗೆ ಈ ಲೋಕದಲ್ಲಿ ಕಣ್ಣಿಗೆ ಕಾಣುವ ಫಲವೇನು ಎಂಬುದು ಅವನ ಪ್ರಶ್ನೆ. ಅರಸನಾದವನು ಕೇಳಬೇಕಾದ ಪ್ರಶ್ನೆಯೇ ಸರಿ. ಬುದ್ಧನು ಮೊದಲು ಧ್ಯಾನದ ಮಾತೆತ್ತಲಿಲ್ಲ. ನಿನ್ನ ದಾಸನೊಬ್ಬನು ತಲೆಬೋಳಿಸಿಕೊಂಡು ಭಿಕ್ಷುವಾದರೆ ಅವನನ್ನು ಮರಳಿ ಚಾಕರಿಗೆ ಎಳೆತರುವೆಯಾ ಎಂದು ಕೇಳಿದನು. ಇಲ್ಲ, ನಾನೇ ಎದ್ದು ವಂದಿಸಿ, ಆಸನವಿತ್ತು, ಅನ್ನವಸ್ತ್ರಗಳನ್ನು ಕೊಡುವೆನೆಂದು ಅರಸನು ಒಪ್ಪಿಕೊಂಡನು. ಇದೇ ಮೊದಲನೆಯ ಫಲ. ತೆರಿಗೆ ಕೊಟ್ಟು ಬೊಕ್ಕಸವನ್ನು ಬೆಳೆಸುವ ಒಕ್ಕಲಿಗನು ಎರಡನೆಯ ದೃಷ್ಟಾಂತ.

ಈ ಉತ್ತರವು ಎಷ್ಟು ಉದಾರವೋ ಅಷ್ಟೇ ಅಪಾಯದ್ದಾಗಿತ್ತು. ಕಾಷಾಯವು ದಾಸ್ಯವನ್ನು ತೊಡೆಯುವುದಾದರೆ ಸಾಲವನ್ನೂ ತೊಡೆಯಬಹುದಲ್ಲವೆ? ದಂಡಿನ ಚಾಕರಿಯನ್ನೂ ತಪ್ಪಿಸಬಹುದಲ್ಲವೆ? ಜನರು ಹಾಗೆಯೇ ಎಣಿಸಿದರು. ವಿನಯಪಿಟಕದ ಮಹಾವಗ್ಗವನ್ನು ಓದುವವರಿಗೆ ಅದು ಧರ್ಮಗ್ರಂಥಕ್ಕಿಂತ ಹೆಚ್ಚಾಗಿ ನಮ್ಮ ತಾಲ್ಲೂಕು ಕಚೇರಿಯ ದೂರುಗಳ ಕಡತದಂತೆ ತೋರಿದರೆ ಆಶ್ಚರ್ಯವಿಲ್ಲ. ಗೌತಮನು ತಂದೆತಾಯಿಗಳನ್ನು ಮಕ್ಕಳಿಲ್ಲದವರನ್ನಾಗಿಯೂ ಹೆಂಗಸರನ್ನು ವಿಧವೆಯರನ್ನಾಗಿಯೂ ಮಾಡುತ್ತ, ಕುಲಗಳನ್ನು ಮುರಿಯುತ್ತ ಬಂದಿದ್ದಾನೆಂದು ಮಗಧದ ಜನರು ಗೊಣಗಿದರೆಂಬುದನ್ನು ಬೌದ್ಧರು ಬಚ್ಚಿಡದೆ ಬರೆದಿಟ್ಟಿದ್ದಾರೆ. ತಮ್ಮ ಮೇಲೆ ಬಂದ ದೂರನ್ನು ತಮ್ಮ ಗ್ರಂಥದಲ್ಲಿಯೇ ಕಾಪಾಡಿಕೊಂಡ ಆ ಪ್ರಾಮಾಣಿಕತೆಗೆ ನಾವು ತಲೆಬಾಗುತ್ತೇವೆ. ಇಂದಿನ ಎಷ್ಟು ಸಂಸ್ಥೆಗಳು ಹಾಗೆ ಮಾಡಿಯಾವು?

ಒಂದೊಂದು ದೂರಿಗೂ ಒಂದೊಂದು ನಿಯಮ ಹುಟ್ಟಿತು. ಮಗಧದಲ್ಲಿ ಕುಷ್ಠ, ಕುರು, ಚರ್ಮವ್ಯಾಧಿ, ಕ್ಷಯ, ಅಪಸ್ಮಾರ ಎಂಬ ಐದು ರೋಗಗಳು ಹಬ್ಬಿದವು. ರಾಜವೈದ್ಯನಾದ ಜೀವಕನು ಅರಸನಿಗೂ ಸಂಘಕ್ಕೂ ಮಾತ್ರ ಮದ್ದು ಕೊಡುತ್ತಿದ್ದುದರಿಂದ ರೋಗಿಗಳು ಚಿಕಿತ್ಸೆಗಾಗಿಯೇ ಭಿಕ್ಷುಗಳಾಗಿ, ವಾಸಿಯಾದ ಮೇಲೆ ಚೀವರ ಕಳಚಿ ಮನೆಗೆ ಹೋದರು. ಜೀವಕನ ದೂರಿನ ಮೇಲೆ ಆ ಐದು ರೋಗದವರಿಗೆ ದೀಕ್ಷೆ ಕೂಡದೆಂದು ನಿಯಮವಾಯಿತು. ಗಡಿಯ ದಂಗೆಯನ್ನಡಗಿಸಲು ಬಿಂಬಿಸಾರನು ದಂಡನ್ನು ಕಳುಹಿಸಿದಾಗ ಕೆಲವರು ಯೋಧರು ಯುದ್ಧದ ಪಾಪಕ್ಕಂಜಿ ಸಂಘಕ್ಕೆ ಸೇರಿದರು. ಅಂಥವರಿಗೆ ದೀಕ್ಷೆ ಕೊಟ್ಟವನಿಗೆ ಏನು ಶಿಕ್ಷೆಯೆಂದು ಕೇಳಿದ್ದಕ್ಕೆ, ಉಪಾಧ್ಯಾಯನ ತಲೆ ಕಡಿಯಬೇಕು, ಮಂತ್ರ ಹೇಳಿದವನ ನಾಲಗೆ ಕೀಳಬೇಕು ಎಂದು ನ್ಯಾಯಾಧಿಕಾರಿಗಳು ಉತ್ತರ ಕೊಟ್ಟರಂತೆ. ಬಿಂಬಿಸಾರನು ಹಾಗೇನೂ ಮಾಡದೆ ಬುದ್ಧನ ಬಳಿಗೆ ಬಂದು, ಶ್ರದ್ಧೆಯಿಲ್ಲದ ಅರಸರೂ ಇದ್ದಾರೆ, ಅವರು ಸಣ್ಣ ಕಾರಣಕ್ಕೂ ಭಿಕ್ಷುಗಳನ್ನು ಪೀಡಿಸಿಯಾರು ಎಂದು ಸೂಚಿಸಿದನು. ರಾಜಸೇವಕರಿಗೆ ಬಾಗಿಲು ಮುಚ್ಚಿತು. ಅನಂತರ ಸಾಲಗಾರನೊಬ್ಬನು ಬಂದನು. ಸಾಲ ಕೊಟ್ಟವರು ಅವನನ್ನು ಭಿಕ್ಷುವೇಷದಲ್ಲಿ ಕಂಡು ಹಿಡಿಯಹೋದರೆ, ಶಾಕ್ಯಪುತ್ರನ ಶಿಷ್ಯರನ್ನು ಮುಟ್ಟಕೂಡದೆಂದು ಅರಸನ ಆಜ್ಞೆಯಿದೆಯೆಂದು ಜನರು ತಡೆದರು. ಸಾಲಗಾರನಿಗೂ ಬಾಗಿಲು ಮುಚ್ಚಿತು. ಅದರ ಬೆನ್ನಿಗೆ ಓಡಿಬಂದ ದಾಸನಿಗೂ ಮುಚ್ಚಿತು.

ಇಲ್ಲಿ ಒಂದು ಕ್ಷಣ ನಿಲ್ಲಬೇಕಾಗಿದೆ. ಸಾಲಗಾರನನ್ನು ತಡೆದದ್ದು ನ್ಯಾಯ. ಆದರೆ ದಾಸನನ್ನು ತಡೆದದ್ದು? ಆ ಹುಣ್ಣಿಮೆಯ ರಾತ್ರಿ ಯಾವುದನ್ನು ಶ್ರಮಣಧರ್ಮದ ಮೊದಲನೆಯ ಫಲವೆಂದು ಅರಸನ ಬಾಯಿಂದಲೇ ಒಪ್ಪಿಸಲಾಯಿತೋ, ಆ ಫಲಕ್ಕೆ ಒಡೆಯನ ಬಿಡುಗಡೆಯ ಮುದ್ರೆ ಬೇಕಾಯಿತು. ಅರಸರ ಮತ್ತು ಶ್ರೀಮಂತರ ಅನುಗ್ರಹದಿಂದ ಬದುಕಬೇಕಾದ ಸಂಘಕ್ಕೆ ಬೇರೆ ದಾರಿಯಿರಲಿಲ್ಲವೆಂದು ಸಮರ್ಥಿಸುವವರುಂಟು. ಇದ್ದಿರಬಹುದು. ನಮಗೆ ಅದು ಮೆಚ್ಚಿಗೆಯಾಗಲಿಲ್ಲವೆಂದು ಮಾತ್ರ ಹೇಳಿ ಮುಂದೆ ಹೋಗುತ್ತೇವೆ.

ಎಲ್ಲಕ್ಕಿಂತ ಕರುಳನ್ನು ಕಲಕುವ ದೂರು ಬಂದದ್ದು ಬುದ್ಧನ ಮನೆಯಿಂದಲೇ. ಅವನು ಕಪಿಲವಸ್ತುವಿಗೆ ಬಂದಾಗ ರಾಹುಲನ ತಾಯಿಯು ಮಗನಿಗೆ ತಂದೆಯನ್ನು ತೋರಿಸಿ, ಹೋಗಿ ನಿನ್ನ ಪಿತ್ರಾರ್ಜಿತವನ್ನು ಕೇಳೆಂದು ಕಳುಹಿಸಿದಳು. ಹುಡುಗನು ಹಿಂದೆ ಹಿಂದೆ ನಡೆದು ಕೇಳಿದನು. ಬುದ್ಧನು ಸಾರಿಪುತ್ರನನ್ನು ಕರೆದು ಆ ಹುಡುಗನಿಗೆ ದೀಕ್ಷೆ ಕೊಡಿಸಿದನು. ಅವನಲ್ಲಿದ್ದ ಆಸ್ತಿ ಅದೊಂದೇ. ಆಗ ಮುದುಕನಾದ ಶುದ್ಧೋದನನು ಬಂದು, ನೀನು ಹೋದಾಗ ನನಗಾದ ನೋವು ಅಲ್ಪವಲ್ಲ, ನಂದನು ಹೋದಾಗಲೂ ಹಾಗೆಯೇ, ಈಗ ರಾಹುಲನೂ ಹೋದನು, ಪುತ್ರವಾತ್ಸಲ್ಯವು ಚರ್ಮ ಮಾಂಸಗಳನ್ನು ದಾಟಿ ಮೂಳೆಯೊಳಗಿನ ಮಜ್ಜೆಯವರೆಗೆ ಕೊರೆಯುತ್ತದೆ ಎಂಬರ್ಥದ ಮಾತನಾಡಿ, ಇನ್ನು ಮುಂದೆ ತಂದೆತಾಯಿಗಳ ಅನುಮತಿಯಿಲ್ಲದೆ ಯಾವ ಮಗನಿಗೂ ದೀಕ್ಷೆ ಕೊಡಬಾರದೆಂಬ ಒಂದೇ ವರವನ್ನು ಬೇಡಿದನು. ಬುದ್ಧನು ಅದನ್ನು ನಿಯಮ ಮಾಡಿದನು. ಸಿದ್ಧಾರ್ಥನು ತಾನೇ ಆ ಅನುಮತಿಯನ್ನು ಪಡೆದವನಲ್ಲ. ಅರ್ಧರಾತ್ರಿಯಲ್ಲಿ ಮಲಗಿದ್ದ ಮಡದಿಯನ್ನು ಬಿಟ್ಟು ಹೋದನೆಂಬುದು ಅಶ್ವಘೋಷಾದಿಗಳ ಕಾವ್ಯದಲ್ಲಿ ಬರುವ ಚಿತ್ರ. ಅದಕ್ಕಿಂತ ಹಳೆಯದಾದ ಮಜ್ಝಿಮನಿಕಾಯದ ಸೂತ್ರದಲ್ಲಿ, ತಂದೆತಾಯಿಗಳು ಒಪ್ಪದೆ ಕಣ್ಣೀರಿಡುತ್ತಿದ್ದಂತೆಯೇ ತಲೆಬೋಳಿಸಿಕೊಂಡು ಹೊರಟೆನೆಂದು ಅವನೇ ಹೇಳಿಕೊಳ್ಳುತ್ತಾನೆ. ತಾನು ಮುರಿದ ಬಾಗಿಲಿಗೆ ತಾನೇ ಬೀಗ ಮಾಡಿಸಿದವನು ಅವನು. ಇದನ್ನು ಅಸಂಗತವೆಂದು ನಗುವವರು ನಗಲಿ; ಮುದುಕ ತಂದೆಯ ಮಾತನ್ನು ಕೇಳಿ ಕಾನೂನನ್ನು ಬದಲಾಯಿಸಿದ ಸಂಘಪತಿ ನಮಗೆ ಆ ಕಾರಣದಿಂದ ಇನ್ನಷ್ಟು ದೊಡ್ಡವನಾಗಿ ಕಾಣುತ್ತಾನೆ.

ಅಂದಿನ ಆ ದೂರುಗಳೆಲ್ಲ ಸೇರಿ ಒಂದು ಪ್ರಶ್ನಾವಳಿಯಾಗಿ ನಿಂತವು. ನಿನಗೆ ಈ ರೋಗಗಳುಂಟೇ, ನೀನು ಸ್ವತಂತ್ರನೇ, ಋಣಮುಕ್ತನೇ, ರಾಜಸೇವೆಯಲ್ಲಿಲ್ಲವಷ್ಟೆ, ತಂದೆತಾಯಿಗಳ ಅನುಮತಿ ದೊರೆತಿದೆಯೇ, ಇಪ್ಪತ್ತು ವರ್ಷ ತುಂಬಿದೆಯೇ, ಪಾತ್ರೆ ಚೀವರಗಳಿವೆಯೇ ಎಂದು ಉಪಸಂಪದೆಯ ಸಮಯದಲ್ಲಿ ಕೇಳಬೇಕು. ಸಿಂಹಳ, ಬ್ರಹ್ಮದೇಶ, ಸಯಾಮುಗಳ ಥೇರವಾದಿಗಳು ಇಂದಿಗೂ ಪಾಲಿ ಭಾಷೆಯಲ್ಲಿ ಇವನ್ನು ಕೇಳಿಯೇ ಭಿಕ್ಷುಗಳನ್ನು ಮಾಡುತ್ತಾರೆ. ನಮ್ಮ ಗೃಹಿಣಿಯ ಪತಿಯು ಎರಡೂವರೆ ಸಾವಿರ ವರ್ಷಗಳ ಹಿಂದೆ ರಾಜಗೃಹದಲ್ಲಿ ಆ ಪ್ರಶ್ನೆಗಳ ಮುಂದೆ ನಿಂತಿದ್ದರೆ ಸಹಕಾರ ಸಂಘದ ಸಾಲವೊಂದೇ ಅವನನ್ನು ಮನೆಗೆ ಕಳುಹಿಸಲು ಸಾಕಾಗುತ್ತಿತ್ತು.

ಆದರೆ ವಾಚಕರು ಆ ಪಟ್ಟಿಯನ್ನು ಇನ್ನೊಮ್ಮೆ ನೋಡಬೇಕು. ಅದರಲ್ಲಿ ಹೆಂಡತಿಯಿಲ್ಲ. ಭಿಕ್ಷುಣಿಯಾಗಬಯಸುವ ಹೆಂಗಸನ್ನು ಕೇಳುವಾಗ ತಂದೆತಾಯಿಗಳ ಜತೆಗೆ ಗಂಡನ ಅನುಮತಿಯನ್ನೂ ಕೇಳುತ್ತಾರೆ. ಭಿಕ್ಷುವಾಗಬಯಸುವ ಗಂಡಸಿಗೆ ಹೆಂಡತಿಯ ವಿಷಯವಾಗಿ ಒಂದು ಪ್ರಶ್ನೆಯೂ ಇಲ್ಲ. ಶುದ್ಧೋದನನು ಬಂದು ದೂರಿಕೊಂಡನು, ಸೇನಾಪತಿಗಳು ದೂರಿಕೊಂಡರು, ವೈದ್ಯನು ದೂರಿಕೊಂಡನು. ರಾಹುಲನ ತಾಯಿಯು ಮಗನನ್ನು ಮುಂದೆ ಕಳುಹಿಸಿದಳೇ ಹೊರತು ತಾನು ಬಂದು ದೂರು ಕೊಟ್ಟಂತೆ ಕಾಣುವುದಿಲ್ಲ. ದೂರು ಕೊಡದವರಿಗಾಗಿ ನಿಯಮವೂ ಹುಟ್ಟಲಿಲ್ಲ.

ಮಜ್ಝಿಮನಿಕಾಯದ ರಟ್ಠಪಾಲನ ಕಥೆಯಲ್ಲಿ ಈ ಬಿರುಕು ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ಕುರುದೇಶದ ಧನಿಕನೊಬ್ಬನ ಏಕಪುತ್ರನಾದ ಅವನು ಅನುಮತಿ ಸಿಗುವವರೆಗೆ ಅನ್ನನೀರು ಬಿಟ್ಟು ಬರಿ ನೆಲದ ಮೇಲೆ ಮಲಗಿದನು. ಸತ್ತರೆ ನೋಡಲೂ ಸಿಗನು, ಭಿಕ್ಷುವಾದರೆ ಎಂದಾದರೂ ನೋಡಬಹುದೆಂದು ಗೆಳೆಯರು ಬೋಧಿಸಿದ ಮೇಲೆ ತಂದೆತಾಯಿಗಳು ಒಪ್ಪಿದರು. ಎಷ್ಟೋ ಕಾಲದ ಮೇಲೆ ಅವನು ಭಿಕ್ಷೆಗಾಗಿ ತನ್ನ ಮನೆಯ ಬಾಗಿಲಿಗೇ ಬಂದಾಗ, ಬೋಳುತಲೆಯವರ ಮೇಲಿನ ಕೋಪದಿಂದ ತಂದೆಯು ಗುರುತಿಸದೆ ಬೈದು ಅಟ್ಟಿದನು. ಹಳಸಿದ ಗಂಜಿಯನ್ನು ಚೆಲ್ಲಲು ಬಂದ ದಾಸಿಯೊಬ್ಬಳು, ಚೆಲ್ಲುವುದಾದರೆ ಈ ಪಾತ್ರೆಗೆ ಹಾಕು ತಂಗಿ ಎಂದ ಭಿಕ್ಷುವಿನ ಕೈಕಾಲುಗಳನ್ನೂ ದನಿಯನ್ನೂ ಗುರುತಿಸಿ ಒಳಗೆ ಓಡಿದಳು. ಮರುದಿನ ಊಟಕ್ಕೆ ಕರೆದು, ಅವನ ಹಿಂದಿನ ಹೆಂಡಿರನ್ನು ಸಿಂಗರಿಸಿ ಮುಂದೆ ನಿಲ್ಲಿಸಿದರು. ಅವನು ಅವರನ್ನೂ ತಂಗಿಯರೆ ಎಂದು ಕರೆದನು. ಆ ಮಾತನ್ನು ಕೇಳಿ ಅವರು ಮೂರ್ಛೆ ಹೋಗಿ ಬಿದ್ದರು. ಅವರು ಎದ್ದ ಮೇಲೆ ಏನಾದರೆಂಬುದನ್ನು ಕಥೆಯು ಹೇಳುವುದಿಲ್ಲ.

ನಿರ್ಗ್ರಂಥರಲ್ಲಿ, ಎಂದರೆ ಜೈನರಲ್ಲಿ, ಮನೆಯವರ ಋಣದ ಭಾವನೆ ಇನ್ನೂ ಹಿಂದಕ್ಕೆ, ಗರ್ಭದವರೆಗೂ ಹೋಗುತ್ತದೆ. ಶ್ವೇತಾಂಬರರ ಕಲ್ಪಸೂತ್ರದ ಪ್ರಕಾರ, ತಾಯಿಗೆ ನೋವಾಗದಿರಲೆಂದು ಮಹಾವೀರನು ಗರ್ಭದಲ್ಲಿ ಅಲುಗಾಡದೆ ಇದ್ದನು. ಶಿಶುವಿಗೆ ಏನಾಯಿತೋ ಎಂದು ತ್ರಿಶಲೆಯು ಗಾಬರಿಯಾದಳು. ಆಗ ಅವನು, ತಂದೆತಾಯಿಗಳು ಬದುಕಿರುವವರೆಗೆ ಮನೆ ಬಿಡುವುದಿಲ್ಲವೆಂದು ಅಲ್ಲಿಯೇ ಪ್ರತಿಜ್ಞೆ ಮಾಡಿದನು. ಅವರು ತೀರಿದ ಮೇಲೂ ಅಣ್ಣ ನಂದಿವರ್ಧನನ ಮಾತಿಗೆ ಕಟ್ಟುಬಿದ್ದು ಎರಡು ವರ್ಷ ಕಾದು, ಮೂವತ್ತನೆಯ ವಯಸ್ಸಿನಲ್ಲಿ ಹೊರಟನೆಂಬುದು ಆ ಸಂಪ್ರದಾಯ. ದಿಗಂಬರರು ಈ ಕಥೆಯನ್ನು ಹೀಗೆ ಹೇಳುವುದಿಲ್ಲ. ಶ್ವೇತಾಂಬರ ಆಗಮಗಳಲ್ಲಿಯೇ ಬರುವ ಇನ್ನೊಂದು ಪ್ರಸಂಗವು ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರ. ದ್ವಾರಕೆಯಲ್ಲಿ ಥಾವಚ್ಚಾಪುತ್ರನು ದೀಕ್ಷೆಗೆ ಹೊರಟಾಗ, ಅವನೊಡನೆ ಹೋಗಬಯಸುವವರ ಹಿಂದುಳಿದ ಕುಟುಂಬಗಳ ಯೋಗಕ್ಷೇಮವನ್ನು ತಾನು ವಹಿಸಿಕೊಳ್ಳುವೆನೆಂದು ಕೃಷ್ಣನು ಡಂಗುರ ಹೊಡೆಸಿದನಂತೆ. ಕಥೆಯೆಂದೇ ಇಟ್ಟುಕೊಳ್ಳಿ. ಹಿಂದೆ ಉಳಿದವರನ್ನು ಯಾರಾದರೊಬ್ಬರು ಹೆಗಲಿಗೇರಿಸಿಕೊಳ್ಳಲೇಬೇಕೆಂಬ ಅರಿವು ಆ ಕಥೆಗಾರನಿಗಿತ್ತು.

ಈ ಅರಿವನ್ನು ಧರ್ಮದ ಕೈಯಿಂದ ತೆಗೆದು ದಂಡದ ಕೈಗೆ ಕೊಟ್ಟವನು ಕೌಟಿಲ್ಯ. ಅರ್ಥಶಾಸ್ತ್ರದ ತಾಳೆಯೋಲೆಯು ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು, ೧೯೦೯ರಲ್ಲಿ ಮೈಸೂರಿನಿಂದಲೇ ಅಚ್ಚಾಗಿ ಹೊರಬಂದದ್ದು ಕನ್ನಡಿಗರ ಹೆಮ್ಮೆಯ ಸಂಗತಿ. ಅದರ ಈಗಿನ ರೂಪವು ಮೌರ್ಯರಿಗಿಂತ ಈಚಿನದೆಂದು ಅನೇಕ ಪಂಡಿತರು ಹೇಳುತ್ತಾರೆ. ಅದು ನಮ್ಮ ವಿಷಯಕ್ಕೆ ಅಡ್ಡಿಯಾಗದು. ಎರಡನೆಯ ಅಧಿಕರಣದ ಮೊದಲನೆಯ ಅಧ್ಯಾಯದಲ್ಲಿ, ಮಡದಿಮಕ್ಕಳಿಗೆ ಏರ್ಪಾಡು ಮಾಡದೆ ಪ್ರವ್ರಜ್ಯೆಗೆ ಹೊರಡುವವನಿಗೆ ಪೂರ್ವಸಾಹಸದಂಡವೆಂದು ವಿಧಿಸಿದ್ದಾನೆ. ಆ ದಂಡವು ೪೮ರಿಂದ ೯೬ ಪಣಗಳವರೆಗೆ. ಹೆಂಗಸನ್ನು ಸಂನ್ಯಾಸಕ್ಕೆ ಹಚ್ಚುವವನಿಗೂ ಅದೇ ದಂಡ. ದೇಹದ ಕಾಮಶಕ್ತಿ ಉಡುಗಿದವನು ಧರ್ಮಸ್ಥರನ್ನು, ಎಂದರೆ ನ್ಯಾಯಾಧಿಕಾರಿಗಳನ್ನು ಕೇಳಿ ಹೊರಡಬಹುದು; ಇಲ್ಲವಾದರೆ ಅವನನ್ನು ತಡೆದಿಡಬೇಕು. ಕೌಟಿಲ್ಯನಿಗೆ ಸಂನ್ಯಾಸಿಗಳ ಮೇಲೆ ವಿಶೇಷ ಭಕ್ತಿಯೇನೂ ಇರಲಿಲ್ಲ. ಬೋಳುತಲೆಯ, ಜಡೆಯ ತಾಪಸರ ವೇಷದಲ್ಲಿ ಗೂಢಚಾರರನ್ನು ಬಿಡಬೇಕೆಂದು ಅದೇ ಗ್ರಂಥದಲ್ಲಿ ಹೇಳಿದವನು ಅವನು. ಅವನ ಚಿಂತೆ ಉಳುವ ಕೈ ಮತ್ತು ಬರುವ ಕಂದಾಯ. ಹಾಗಿದ್ದರೂ ವಿನಯದ ಪಟ್ಟಿಯಲ್ಲಿ ಬಿಟ್ಟುಹೋದ ಹೆಂಡತಿ ಮೊದಲಿಗೆ ಕಾಣಿಸಿಕೊಂಡದ್ದು ಈ ನಿಷ್ಠುರನಾದ ರಾಜನೀತಿಜ್ಞನ ಲೆಕ್ಕದಲ್ಲಿ ಎಂಬುದನ್ನು ಮರೆಯಲಾಗದು.

ಬಾಗಿಲು ದಾಟಿ ಹೋದವನ ಮೇಲೆಯೂ ಗೃಹಸ್ಥನ ಕಣ್ಣು ಇರುತ್ತಿತ್ತು. ಅದಕ್ಕೆ ಸಾಧನ ಭಿಕ್ಷೆ. ಒಲೆಯ ಹೊಗೆ ಆರಿ, ಒನಕೆಯ ಸದ್ದು ನಿಂತು, ಮನೆಯವರೆಲ್ಲ ಉಂಡ ಮೇಲೆ ಯತಿಯು ದಿನಕ್ಕೊಮ್ಮೆ ಹೋಗಬೇಕೆಂದು ಮನು ಹೇಳುತ್ತಾನೆ. ಯತಿಗೆ ಎಂಟು ತುತ್ತು, ಗೃಹಸ್ಥನಿಗೆ ಮೂವತ್ತೆರಡು ಎಂದು ಬೌಧಾಯನನು ಎಣಿಸಿಕೊಡುತ್ತಾನೆ. ಶಕುನ ಹೇಳಿ, ಜ್ಯೋತಿಷ ಹೇಳಿ, ಹಸ್ತರೇಖೆ ನೋಡಿ ಭಿಕ್ಷೆ ಪಡೆಯಕೂಡದೆಂಬುದೂ ಮನುವಿನ ನಿಷೇಧವೇ. (ಈ ಒಂದು ನಿಷೇಧವನ್ನು ಇಂದು ಜಾರಿಗೆ ತಂದರೆ ದೂರದರ್ಶನದ ಬೆಳಗಿನ ಕಾರ್ಯಕ್ರಮಗಳು ಏನಾದಾವೋ!) ದಿಗಂಬರ ಮುನಿಗಳು ನಿಂತು, ಅಂಗೈಯಲ್ಲಿ, ದಿನಕ್ಕೊಂದೇ ಬಾರಿ ಉಣ್ಣುವುದನ್ನು ಶ್ರವಣಬೆಳಗೊಳಕ್ಕೆ ಹೋದವರು ಈಗಲೂ ನೋಡಬಹುದು. ಮನಸ್ಸಿನಲ್ಲಿ ಮಾಡಿಕೊಂಡ ಸಂಕಲ್ಪಕ್ಕೆ ಹೊಂದುವಂಥ ಮನೆ ಸಿಗದಿದ್ದರೆ ಅಂದು ಉಪವಾಸ. ತನಗಾಗಿಯೇ ಮಾಡಿದ ಅಡಿಗೆಯನ್ನು ಮುಟ್ಟಬಾರದು. ಹೀಗೆ ದಿನವೂ ಬೇರೆಯವರ ಹೊಸ್ತಿಲಿನ ಮುಂದೆ ನಿಲ್ಲುವವನಿಗೆ ಒಲೆ, ಮಗು, ಬಡತನ, ಹೆಂಗಸಿನ ಬೆವರು ಇವೆಲ್ಲ ಕಾಣುತ್ತಲೇ ಇರುತ್ತವೆ. ಬ್ಯಾಂಕಿನ ಖಾತೆಗೆ ನೇರವಾಗಿ ಕಾಣಿಕೆ ಬಂದು ಬೀಳುವ ಆಶ್ರಮದಲ್ಲಿರುವವನು 'ಪೂರ್ವಾಶ್ರಮವಿಲ್ಲ' ಎನ್ನುವುದು ಸುಲಭ. ರಟ್ಠಪಾಲನಂತೆ ಪಾತ್ರೆ ಹಿಡಿದು ತನ್ನ ಬೀದಿಗೇ ಬರಬೇಕಾದವನಿಗೆ ಅಷ್ಟು ಸುಲಭವಲ್ಲ.

ಪ್ರಾಚೀನರ ಈ ಎಚ್ಚರವು ನಮ್ಮ ಆಚಾರ್ಯರವರೆಗೂ ಹರಿದುಬಂದಿತು. ಕಾಲಡಿಯ ಹೊಳೆಯಲ್ಲಿ ಮೊಸಳೆ ಹಿಡಿದಾಗಲೂ ಶಂಕರರು ತಾಯಿಯ ಅಪ್ಪಣೆಯನ್ನು ಕೇಳಿಯೇ ಸಂನ್ಯಾಸ ಪಡೆದರೆಂದೂ, ಯತಿಗೆ ಅಧಿಕಾರವಿಲ್ಲದಿದ್ದರೂ ಕೊಟ್ಟ ಮಾತಿನಂತೆ ಬಂದು ಆಕೆಯ ಅಂತ್ಯಕ್ರಿಯೆ ಮಾಡಿದರೆಂದೂ ಶಂಕರವಿಜಯಗಳು ಹೇಳುತ್ತವೆ. ಉಡುಪಿಯ ಹತ್ತಿರದ ಪಾಜಕದಲ್ಲಿ ಹುಟ್ಟಿದ ಮಧ್ವರು, ತಂದೆತಾಯಿಗಳನ್ನು ನೋಡಿಕೊಳ್ಳಲು ತಮ್ಮನೊಬ್ಬನು ಹುಟ್ಟಿದ ಮೇಲೆಯೇ ಅವರ ಸಮ್ಮತಿ ಪಡೆದು ಹೊರಟರೆಂಬುದು ನಾರಾಯಣ ಪಂಡಿತಾಚಾರ್ಯರ ಸುಮಧ್ವವಿಜಯದಲ್ಲಿದೆ. ಇಬ್ಬರೂ ಮದುವೆಯಾದವರಲ್ಲವೆಂದು ವಾಚಕರು ಆಕ್ಷೇಪಿಸಬಹುದು. ನಿಜ. ಹೆಂಡತಿಯ ಪ್ರಶ್ನೆ ಅಲ್ಲಿಯೂ ಏಳುವುದಿಲ್ಲ.

ಈಗಿನ ಕಾನೂನು ಏನೆನ್ನುತ್ತದೆ? ೧೯೫೫ರ ಹಿಂದೂ ವಿವಾಹ ಕಾಯಿದೆಯ ೧೩ನೆಯ ಪ್ರಕರಣದಲ್ಲಿ, ಪತಿಯಾಗಲಿ ಪತ್ನಿಯಾಗಲಿ ಧಾರ್ಮಿಕ ಪಂಥವನ್ನು ಸೇರಿ ಲೋಕವನ್ನು ತ್ಯಜಿಸಿದರೆ ಇನ್ನೊಬ್ಬರು ವಿಚ್ಛೇದನ ಪಡೆಯಬಹುದೆಂದಿದೆ. ಜೀವನಾಂಶದ ಮಾತು ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೧೪೪ನೆಯ ಪ್ರಕರಣದಲ್ಲಿದೆ; ಆದರೆ ಅಲ್ಲಿ ಸಾಕಷ್ಟು ಜೀವನೋಪಾಯವಿದ್ದೂ ಪೋಷಿಸದವನೆಂಬ ಮಾತಿರುವುದರಿಂದ, ಕಮಂಡಲುವೊಂದನ್ನೇ ತೋರಿಸುವವನ ಮೇಲೆ ಅದನ್ನು ನಡೆಸುವುದು ಎಷ್ಟು ಕಷ್ಟವೆಂಬುದನ್ನು ವಕೀಲರು ಬಲ್ಲರು. ಒಟ್ಟಿನಲ್ಲಿ ಇಂದಿನ ಕಾನೂನು ಹೋದವನ ಹೆಂಡತಿಗೆ ಬಿಡುಗಡೆಯ ಪತ್ರ ಕೊಡಬಲ್ಲದು. ಹೋಗುವ ಮೊದಲು ಅವನನ್ನು ಹೊಸ್ತಿಲಲ್ಲಿ ನಿಲ್ಲಿಸಿ ಲೆಕ್ಕ ಕೇಳುವ ಧರ್ಮಸ್ಥರು ಇಂದು ಇಲ್ಲ. ಆ ಕೆಲಸವನ್ನು ಮಾಡಬೇಕಾದವರು ದೀಕ್ಷೆ ಕೊಡುವವರೇ. ಅವರಾದರೂ ವಿನಯದ ಪ್ರಶ್ನೆಗಳನ್ನು ತೆಗೆದುಕೊಂಡು, ಅದರಲ್ಲಿ ಬಿಟ್ಟುಹೋದ ಒಂದು ಪ್ರಶ್ನೆಯನ್ನು ಸೇರಿಸಿಕೊಳ್ಳಲು ಯಾವ ಶಾಸ್ತ್ರದ ಅಡ್ಡಿಯೂ ನಮಗೆ ಕಾಣುವುದಿಲ್ಲ. ಯಾಜ್ಞವಲ್ಕ್ಯನ ಆಧಾರ ಬೇಕಾದರೆ ಇದ್ದೇ ಇದೆ.

ಆ ಆಶ್ರಮದ ಅಧಿಕಾರಿಗಳಿಗೆ ನಾವು ಮೊನ್ನೆ ಸೋಮವಾರ ಒಂದು ಪತ್ರ ಬರೆದಿದ್ದೇವೆ. ದೀಕ್ಷೆಗೆ ಮೊದಲು ಆ ಮನುಷ್ಯನಿಗೆ ಸಾಲವುಂಟೇ ಎಂದು ಕೇಳಿದಿರಾ, ಹೆಂಡತಿಮಕ್ಕಳ ಜೀವನಕ್ಕೆ ಏನು ಏರ್ಪಾಡೆಂದು ಕೇಳಿದಿರಾ, ಆಕೆಯ ಒಪ್ಪಿಗೆಯನ್ನು ಯಾರಾದರೂ ಕೇಳಿದಿರಾ ಎಂಬ ಮೂರೇ ಪ್ರಶ್ನೆಗಳು ಅದರಲ್ಲಿವೆ. ಉತ್ತರ ಬಂದರೆ ಒಂದಕ್ಷರವನ್ನೂ ಬಿಡದೆ ಇದೇ ಪುಟದಲ್ಲಿ ಪ್ರಕಟಿಸುವೆವು. ಗೃಹಿಣಿಯ ಪ್ರಕಟಣೆಯು ಇಂದಿನ ಸಂಚಿಕೆಯ ನಾಲ್ಕನೆಯ ಪುಟದಲ್ಲಿದೆ. ಅದಕ್ಕೆ 'ಕಾಣೆಯಾಗಿದ್ದಾರೆ' ಎಂಬ ಶೀರ್ಷಿಕೆಯನ್ನು ಹಾಕಿಲ್ಲ. ಹಣ ಬೇಡವೆಂದು ನಾವು ಎಷ್ಟು ಹೇಳಿದರೂ ಕೇಳದೆ, ಆಕೆ ಎಣಿಸಿ ಕೊಟ್ಟು, ರಸೀದಿ ಬರೆಸಿಕೊಂಡು ಹೋದರು.